ನಾರೈಯೇರಿಯ ಎಣಿಸುವ ಕೊಕ್ಕರೆ

ಹೋದ ತಿಂಗಳು ಸ್ನೇಹಾ ಎಂಬ ಹುಡುಗಿ ಫೋನ್ ಮಾಡಿದಳು. ನಾನು ಕೆಲಸ ಮಾಡಿ ನಿವೃತ್ತಳಾದ ವಸ್ತುಸಂಗ್ರಹಾಲಯದಲ್ಲಿ ಮರದ ವಸ್ತುಗಳನ್ನು ಕಾಪಾಡುವ ವಿಭಾಗಕ್ಕೆ ಹೊಸದಾಗಿ ಸೇರಿದವಳು. ಕನ್ನಡದವಳೇ. ಅಪ್ಪನಿಗೆ ರೈಲ್ವೆ ಕೆಲಸ, ಹುಟ್ಟಿ ಬೆಳೆದದ್ದೆಲ್ಲ ಪೆರಂಬೂರಿನಲ್ಲಿ.

"ಮೇಡಂ, ಒರು ಡೌಟು. ಹಳೇ ಬಾಗಿಲು ಒಂದು ಬಂದಿದೆ, ಫುಲ್ಲಾ ತೂತು. ಎಲ್ಲಾ ಫಿಲ್ ಮಾಡಿಬಿಡ್ಲಾ, ಇಲ್ಲ ಅಪ್ಪಡಿಯೇ ಬಿಟ್ಟುಬಿಡ್ಲಾ?"

"ಮುಟ್ಟಬೇಡ!" ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಪಾಪ, ಬೈಸಿಕೊಳ್ಳುವಂಥದ್ದೇನನ್ನೂ ಅವಳು ಕೇಳಿರಲಿಲ್ಲ. ಆಮೇಲೆ ಸಮಾಧಾನ ಮಾಡಿ, ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲಮ್ಮ, ಬರೆದು ಕಳಿಸುತ್ತೇನೆ ಎಂದೆ. ಅದೇ ಇದು. ಬಡ್ತಿ, ಶಾಲು, ಹಾರಗಳ ಕತೆ ಬೇಕಾದವರು ನನ್ನ ಬೀಳ್ಕೊಡುಗೆಯ ದಿನದ ಭಾಷಣ ಕೇಳಬಹುದಿತ್ತು. ಅದರಲ್ಲಿ ನಿಜವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ನಮ್ಮ ಸಂಗ್ರಹಾಲಯ ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯಲ್ಲಿದೆ. ಯಾರೋ ಶ್ರೀಮಂತರು ಬಿಟ್ಟುಹೋದ ಟ್ರಸ್ಟು, ಹೆಸರು ಬೇಡ. ನಾನು ಸೇರಿದಾಗ ನಮ್ಮ ವಿಭಾಗವೆಂದರೆ ಬಂಗಲೆಯ ಹಿಂದಿನ ಗಾಡಿಖಾನೆ. ನುಸಿ ಗುಳಿಗೆ, ಸ್ಪಿರಿಟ್ಟು, ಕರಗಿದ ಮೇಣ ಇವುಗಳ ವಾಸನೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಮದರಾಸಿನ ಸೆಕೆಯಲ್ಲಿ ಫ್ಯಾನು ಹಾಕುವಂತಿಲ್ಲ, ಉದುರಿದ ಬಣ್ಣದ ಚೂರು ಹಾರಿಹೋಗುತ್ತದೆ. ಬೆನ್ನು ಬಗ್ಗಿಸಿ, ಕಣ್ಣಿಗೆ ಮಸೂರ ಕಟ್ಟಿಕೊಂಡು, ದಿನಕ್ಕೆ ಅಂಗೈಯಗಲ ಜಾಗ ಸ್ವಚ್ಛ ಮಾಡಿದರೆ ಅದು ದೊಡ್ಡ ದಿನ. ಕಲೆ, ಪರಂಪರೆ ಎಂದೆಲ್ಲ ಕನಸು ಕಟ್ಟಿಕೊಂಡು ಬರುವವರು ಮೊದಲು ಒಳ್ಳೆಯ ಬೆನ್ನುನೋವಿನ ವೈದ್ಯರನ್ನು ಗುರುತುಮಾಡಿಟ್ಟುಕೊಳ್ಳಿ.

ನನ್ನ ಮೊದಲ ಮೇಲಧಿಕಾರಿ ಸಂಬಂಧಂ ಸಾರ್. ತೆಳ್ಳಗಿನ ಮನುಷ್ಯ, ಎದೆಯ ಜೇಬಿನಲ್ಲಿ ಯಾವಾಗಲೂ ಒಂದು ಕುಂಚ. ಅವರು ಕಲಿಸಿದ ಮೊದಲ ಪಾಠ ಉಗುಳು. ಹತ್ತಿಯ ತುದಿಯನ್ನು ನಾಲಿಗೆಗೆ ತಾಗಿಸಿ, ಆ ತೇವದಲ್ಲಿ ಹಳೆಯ ಬಣ್ಣದ ಮೇಲಿನ ಕೊಳೆ ತೆಗೆಯಬೇಕು. ಅಷ್ಟು ಮೃದುವಾಗಿ ಕೊಳೆ ಎತ್ತುವ ದ್ರಾವಣ ಅಂಗಡಿಯಲ್ಲಿ ಸಿಗುವುದಿಲ್ಲ. ಇದನ್ನು ನಾನು ಬುದ್ಧಿಯಿಲ್ಲದೆ ಮನೆಯಲ್ಲಿ ಹೇಳಿಬಿಟ್ಟೆ. ನಮ್ಮದು ತ್ರಿಪ್ಲಿಕೇನ್‌ನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ವೈಷ್ಣವರ ಮನೆ. ಅತ್ತೆಯ ಮಡಿಯೆಂದರೆ ಬೀದಿಗೇ ಗೊತ್ತು.

"ಏನೇ, ದಿನಾ ದೇವರ ವಿಗ್ರಹಕ್ಕೆ ಎಂಜಲು ಬಳಿದು ಬರ್ತೀಯಾ? ಇದಕ್ಕೆ ಸಂಬಳ ಬೇರೆ ಕೊಡ್ತಾರಾ? ಅಲ್ಲೇ ನಿಲ್ಲು, ಒಳಗೆ ಕಾಲಿಡಬೇಡ. ಮೊದ್ಲು ತಲೆ ಮೇಲೆ ನೀರು ಹಾಕ್ಕೋ" ಎಂದರು.

ಅವರು ಹೋಗುವವರೆಗೂ ನನಗೆ ಸಂಜೆ ಮನೆಗೆ ಬಂದ ಕೂಡಲೇ ಸ್ನಾನ ತಪ್ಪಲಿಲ್ಲ. ಮದರಾಸಿನಲ್ಲಿ ಅದೇನು ಶಿಕ್ಷೆಯಲ್ಲ ಬಿಡಿ.

ಇನ್ನೊಬ್ಬರು ಆಡಳಿತಾಧಿಕಾರಿ ಇದ್ದರು. ಹುಳು ಸಾಯಿಸಲು ನಮ್ಮಲ್ಲಿ ಒಂದು ಹೊಗೆಪೆಟ್ಟಿಗೆಯಿತ್ತು, ಆಳು ಒಳಗೆ ನಿಲ್ಲುವಷ್ಟು ದೊಡ್ಡದು. ದೇವಸ್ಥಾನವೊಂದರ ಮರದ ಕುದುರೆ ಸರದಿಯಲ್ಲಿ ಕಾಯುತ್ತಿದ್ದಾಗ ಇವರು ಮನೆಯಿಂದ ತಿಗಣೆ ಹಿಡಿದ ಮಂಚ ತರಿಸಿ ಅದನ್ನು ಮೊದಲು ಒಳಗೆ ತಳ್ಳಿಸಿದರು. ಮಂಚದ ಹಿಂದೆ ಅವರ ಬೀಗರ ಸೋಫಾ ಬಂತು. ಸೋಫಾದ ಹಿಂದೆ ಮಳೆಗಾಲ ಬಂತು. ವರಾಂಡದಲ್ಲೇ ನಿಂತ ಕುದುರೆಯ ಮೈಬಣ್ಣ ಹಪ್ಪಳದಂತೆ ಎದ್ದು ಉದುರಿತು. ವರದಿಯಲ್ಲಿ ಏನು ಬರೆದರು ಗೊತ್ತೇ? "ವಸ್ತುವಿನ ಸಹಜ ಸವೆತ." ಈ ಮೂರು ಪದಗಳನ್ನು ನೀವು ನಿಮ್ಮ ನೌಕರಿಯಲ್ಲಿ ಬಹಳ ಸಲ ಓದುತ್ತೀರಿ. ಯಾರದೋ ಮಂಚ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ.

ಇಂಥವನ್ನೆಲ್ಲ ನೆನೆದರೆ ಈಗ ನಗು ಬರುತ್ತದೆ. ನಾನು ಹೇಳಹೊರಟ ಕತೆಗೆ ನಗು ಬರುವುದಿಲ್ಲ.

ಮಾಧವರಂನಿಂದ ಆಚೆ ನಾರೈಯೇರಿ ಎಂಬ ಒಂದು ಸಣ್ಣ ಊರಿತ್ತು. ತಮಿಳಿನಲ್ಲಿ ನಾರೈ ಎಂದರೆ ಕೊಕ್ಕರೆ, ಏರಿ ಎಂದರೆ ಕೆರೆ. ಊರಬಾಗಿಲಲ್ಲಿ ಎರಡು ಕಲ್ಲುಕಂಬ, ನಡುವೆ ಹಿಪ್ಪೆಮರದ ಒಂದು ದಪ್ಪ ಹಲಗೆ. ಅದೇ ಆ ಊರಿನ ಹೆಸರುಹಲಗೆ. ಆದರೆ ಅದರಲ್ಲಿ ಅಕ್ಷರ ಒಂದೂ ಇರಲಿಲ್ಲ. ನಡುವೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ, ಕೆಳಗೆ ಅಲೆಅಲೆಯಾಗಿ ಕೆರೆಯ ನೀರು, ಸುತ್ತ ಅಂಚಿನಲ್ಲಿ ಒಂದರ ಬಾಲ ಇನ್ನೊಂದು ಮುಟ್ಟುವಂತೆ ಮೀನುಗಳ ಸಾಲು. ಕೊಕ್ಕರೆಯ ಕೊಕ್ಕು ಖಾಲಿ. ಅಷ್ಟು ಮೀನಿನ ನಡುವೆ ನಿಂತು ಕತ್ತು ಬಗ್ಗಿಸಿ ನೋಡುತ್ತಿದೆ, ಅಷ್ಟೇ. ಕೆತ್ತಿದವನು ಯಾರೋ, ಕೊಕ್ಕರೆಯ ಕತ್ತಿನ ಆ ಬಾಗಿನಲ್ಲಿ ಮನೆಯ ಹಿರಿಯರು ಮಕ್ಕಳ ತಲೆ ಲೆಕ್ಕ ಹಾಕುವ ಭಂಗಿ ತಂದಿದ್ದ.

ರಸ್ತೆ ಅಗಲ ಮಾಡುವಾಗ ಕಂಬ ಕಿತ್ತರು. ಹಲಗೆ ಹಾಳಾಗದಿರಲಿ ಎಂದು ಊರಿನ ಹಿರಿಯ ಮಾರಿಮುತ್ತು ಅದನ್ನು ಒಣಹುಲ್ಲಿನಲ್ಲಿ ಸುತ್ತಿ, ಟೆಂಪೋದಲ್ಲಿ ಹಾಕಿಸಿ ನಮ್ಮಲ್ಲಿಗೆ ತಂದರು. ರಸ್ತೆ ಮುಗಿದ ಮೇಲೆ ಮತ್ತೆ ಊರಬಾಗಿಲಲ್ಲಿ ನಿಲ್ಲಿಸಬೇಕೆಂಬುದು ಅವರ ಎಣಿಕೆ. ನಮ್ಮಲ್ಲಿ ಒಳಗೆ ಬಂದ ವಸ್ತುವಿಗೆ ನಂಬರು ಬೀಳುತ್ತದೆ, ನಂಬರು ಬಿದ್ದದ್ದು ಹೊರಗೆ ಹೋಗುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿದವರಿಲ್ಲ.

ಸಂಬಂಧಂ ಸಾರ್ ಹಲಗೆಯ ಅರ್ಥ ಕೇಳಿದರು. ಮಾರಿಮುತ್ತು ಹೇಳಿದರು: "ಅದು ಎಣಿಸೋ ಕೊಕ್ಕರೆ ಸಾರ್."

"ಕೊಕ್ಕರೆ ಎಣಿಸುತ್ತಾ? ತಿನ್ನುತ್ತೆ."

"ಬೇರೆ ಊರ ಕೊಕ್ಕರೆ ತಿನ್ನುತ್ತೆ. ನಮ್ಮದು ಎಣಿಸುತ್ತೆ ಅಷ್ಟೇ."

ಸಾರ್ ನಕ್ಕು ತಲೆಯಾಡಿಸಿದರು. ಹಲಗೆಯ ಕೆಳಗಿನ ವಿವರಪಟ್ಟಿಯಲ್ಲಿ ಬರೆದದ್ದು ಬೇರೆ: ಮೀನು ಸಮೃದ್ಧಿಯ ಸಂಕೇತ, ಅಲೆ ಕಾಲದ ಸಂಕೇತ, ಕೊಕ್ಕರೆ ತಾಳ್ಮೆಯ ಸಂಕೇತ. ಪಟ್ಟಿಯಲ್ಲಿ ಜಾಗ ಅಷ್ಟೇ ಇತ್ತು. ಯಾವ ಊರಿನ ಮೀನು ಬಂದರೂ ನಮ್ಮಲ್ಲಿ ಅದು ಸಮೃದ್ಧಿಯೇ.

ಕೆಲವು ಮೀನುಗಳ ಕಣ್ಣಿನಲ್ಲಿ ಹಿತ್ತಾಳೆಯ ಪುಟ್ಟ ಮೊಳೆ ಇತ್ತು. ಕೆಲವಕ್ಕೆ ಕಣ್ಣಿನ ಜಾಗದಲ್ಲಿ ಬರಿ ಗುಳಿ. ಹಲಗೆಯ ಮೈತುಂಬ ಕೊರೆಹುಳು ತಿಂದ ತೂತುಗಳು ಬೇರೆ. ಒಂದು ದೊಡ್ಡ ಪ್ರದರ್ಶನ ಗೊತ್ತಾಗಿತ್ತು, ಗಣ್ಯರು ಬರುವವರಿದ್ದರು, ಎಲ್ಲ ಚೊಕ್ಕಟವಾಗಿರಬೇಕಿತ್ತು. ಆಗಿನ ಪದ್ಧತಿಯೇ ಹಾಗೆ: ಒಡೆದದ್ದನ್ನು ಅಂಟಿಸು, ತೂತು ತುಂಬು, ಹೊಳಪು ಕೊಡು. ಸಂಬಂಧಂ ಸಾರ್ ತಾವೇ ಕೂತು ಮೇಣ, ರಾಳ, ಮರದ ಹುಡಿ ಕಲಸಿ ಪ್ರತಿಯೊಂದು ತೂತನ್ನೂ ತುಂಬಿದರು. ಹುಳುವಿನದು, ಮೀನಿನ ಕಣ್ಣಿನದು ಎಂಬ ಭೇದವಿಲ್ಲದೆ ಎಲ್ಲವನ್ನೂ. ನಾನು ಆಗ ಎರಡನೆಯ ಬಾಣಂತನದ ರಜೆಯಲ್ಲಿದ್ದೆ. ಇದ್ದಿದ್ದರೂ ಬೇಡ ಎನ್ನುತ್ತಿರಲಿಲ್ಲ, ನನಗೆ ಕಲಿಸಿದ್ದೂ ಅದೇ ವಿದ್ಯೆ. ರಜೆ ಮುಗಿಸಿ ಬಂದು ನೋಡಿದಾಗ ಎಲ್ಲಿ ತುಂಬಿದ್ದಾರೆಂದು ನನ್ನ ಕಣ್ಣಿಗೂ ಕಾಣಲಿಲ್ಲ. ಅವರ ಕೈ ಅಷ್ಟು ಚೆನ್ನಾಗಿತ್ತು.

ಕೆಲವು ವರ್ಷ ಕಳೆಯಿತು. ಒಂದು ದಿನ ಮಾರಿಮುತ್ತು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಹೆಸರು ಕನ್ನಿಯಮ್ಮ. ಗಿಡ್ಡಗೆ ಗಟ್ಟಿಮುಟ್ಟಾದ ಹೆಂಗಸು, ಬಾಯಲ್ಲಿ ಎಲೆಅಡಿಕೆ, ಮೂಗಿನ ತುದಿಯಲ್ಲಿ ಸಿಟ್ಟು. ಮದುವೆಯಾದ ಮೇಲೆ ಊರಲ್ಲೇ ಒಲೆ ಹೂಡಿದ್ದಳು. ಗಂಡನಿಗೆ ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಾಗ ಊರು ಬಿಟ್ಟಿದ್ದಳು. ಈಗ ಗಂಡ ತೀರಿಕೊಂಡಿದ್ದ. ತಮ್ಮನ ಹಿತ್ತಿಲಲ್ಲಿ ಒಂದು ಗುಡಿಸಲು ಹಾಕಿಕೊಂಡು ಮತ್ತೆ ಊರವಳಾಗಲು ಬಂದಿದ್ದಳು. ಅವಳ ತಮಿಳನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ, ಅವಳ ಖಾರ ಪೂರ್ತಿ ಬರುವುದಿಲ್ಲ.

ಹಲಗೆಯ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಳು. ಒಳಗೊಂದು ಹಿತ್ತಾಳೆ ಮೊಳೆ. ಹಲಗೆಯ ಅಂಚಿನುದ್ದಕ್ಕೂ ಬೆರಳಾಡಿಸುತ್ತ ಬಂದು, ಕೊಕ್ಕರೆ ಎತ್ತಿದ ಕಾಲಿನ ಕೆಳಗಿನ ಮೀನಿನ ಮೇಲೆ ನಿಲ್ಲಿಸಿದಳು. ಬೆರಳು ಹಿಂದೆ ಮುಂದೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ನಮ್ಮನೆ ಮೀನು. ಇದರ ಕಣ್ಣಿನ ಗುಳಿ ಎಲ್ಲಿ? ಯಾರು ಮುಚ್ಚಿದ್ರು?"

"ಹುಳ ತಿಂದಿತ್ತಮ್ಮಾ, ನಾವೇ ರಿಪೇರಿ ಮಾಡಿದ್ವಿ" ಎಂದೆ ನಾನು, ಹೆಮ್ಮೆಯಿಂದ.

"ಹುಳ ತಿಂದಿತ್ತಾ? ನಮ್ಮಪ್ಪ ಕೊರೆದದ್ದು ಅದು! ನಾನಿನ್ನೂ ಬದುಕಿದ್ದೀನಲ್ಲಾ ಮಾರಿಮುತ್ತೂ, ನೋಡೋ, ನನ್ನ ಕಣ್ಣು ಮುಚ್ಚಿಬಿಟ್ಟಿದ್ದಾರೆ!"

ಮಾರಿಮುತ್ತು ತಲೆತಗ್ಗಿಸಿ ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ನಮಗೆ ಬಿಡಿಸಿ ಹೇಳಿದರು. ಊರಿನ ಒಂದೊಂದು ಮನೆಗೂ ಹಲಗೆಯಲ್ಲಿ ಒಂದೊಂದು ಮೀನು. ಹೊಸ ಒಲೆ ಹೊತ್ತಿದ ದಿನ ಹಿರಿಯರು ಮೀನಿನ ಕಣ್ಣಿಗೆ ಹಿತ್ತಾಳೆ ಮೊಳೆ ಹೊಡೆಯುತ್ತಾರೆ. ಕೊಕ್ಕರೆ ಎಣಿಸುವುದು ಕಣ್ಣಿರುವ ಮೀನನ್ನು ಮಾತ್ರ. ಊರು ಬಿಟ್ಟು ಹೋಗುವವರ ಮೊಳೆ ಕಿತ್ತು ಅವರ ಕೈಗೇ ಕೊಡುತ್ತಾರೆ, ಗುಳಿ ತೆರೆದೇ ಇರುತ್ತದೆ. ಎಂದು ತಿರುಗಿ ಬಂದು ಒಲೆ ಹಚ್ಚಿದರೂ ಮೊಳೆ ಮತ್ತೆ ಅದೇ ಗುಳಿಗೆ. ಒಂದು ಮನೆಯಲ್ಲಿ ದೀಪ ಹಚ್ಚಲು ಒಬ್ಬರೂ ಉಳಿಯದೆ ನಿರ್ವಂಶವಾದರೆ ಮಾತ್ರ ಆ ಗುಳಿಗೆ ಮೇಣ ತುಂಬುತ್ತಾರೆ. ಮೊಳೆಯನ್ನು ಕೆರೆಗೆ ಹಾಕುತ್ತಾರೆ.

ಹುಳು ತಿಂದ ಗಾಯವೆಂದು ನಾವು ವಾಸಿ ಮಾಡಿದ್ದು ಹೊರಗೆ ಹೋದವರೆಲ್ಲ ತಿರುಗಿ ಬರಲು ಬಿಟ್ಟುಕೊಂಡಿದ್ದ ಬಾಗಿಲನ್ನು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎನ್ನುತ್ತಾರಲ್ಲ, ನಾವು ಅವರಪ್ಪನನ್ನೂ ಮಾಡಿರಲಿಲ್ಲ, ಊರಿನ ಅರ್ಧ ಜನಕ್ಕೆ ತಿಥಿ ಮಾಡಿದ್ದೆವು.

ಸಂಬಂಧಂ ಸಾರ್ ಆ ದಿನ ಊಟ ಮಾಡಲಿಲ್ಲ. ಕನ್ನಿಯಮ್ಮನ ಮುಂದೆ ಕೈಜೋಡಿಸಿ ನಿಂತರು. ಅವಳು ಮುಖ ತಿರುಗಿಸಿ, "ಕಾಫಿ ಆದ್ರೂ ಕೊಡ್ತೀರಾ, ಇಲ್ಲ ಸತ್ತವರಿಗೆ ಅದೂ ಇಲ್ವಾ?" ಎಂದಳು. ಕಾಫಿ ಕುಡಿದು, ಮೊಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಹೋಗುವಾಗ ನನಗೆ ಹೇಳಿದಳು: "ನೀನು ತೆಗೆದು ಕೊಡು ಅಮ್ಮಾ. ಪೊಂಗಲ್ ಒಳಗೆ ನಾನು ಊರವಳಾಗಬೇಕು."

ತೆಗೆಯುವುದು ಆಗದ ಕೆಲಸವಲ್ಲ. ಅತಿನೇರಳೆ ದೀಪದ ಕೆಳಗೆ ಇಟ್ಟರೆ ತುಂಬಿದ ಜಾಗಗಳು ಮಸುಕಾಗಿ ಬೇರೆ ಬಣ್ಣಕ್ಕೆ ಕಾಣುತ್ತವೆ. ಅವುಗಳಲ್ಲಿ ಹುಳುವಿನದು ಯಾವುದು, ಮೊಳೆಯದು ಯಾವುದು ಎಂಬುದಕ್ಕೂ ದಾರಿಯಿದೆ: ಹಿತ್ತಾಳೆ ಇದ್ದ ಕಡೆ ಮರ ಕಿಲುಬು ಹೀರಿ ಹಸಿರಾಗಿರುತ್ತದೆ. ಸಾರ್ ಅಂದೇ ಟಿಪ್ಪಣಿ ಬರೆದು ಟ್ರಸ್ಟಿಗೆ ಕಳಿಸಿದರು. ಒಮ್ಮೆ ಪ್ರದರ್ಶನಕ್ಕಿಟ್ಟ ವಸ್ತುವನ್ನು ಮತ್ತೆ ಬಿಚ್ಚಲು ಅವರ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಬರುವ ಮುಂಚೆ ಪೊಂಗಲ್ ಬಂತು, ಹೋಯಿತು. ಸಾರ್ ನಿವೃತ್ತರಾದರು. ಬೀಳ್ಕೊಡುಗೆಯ ಹಾರ ಕೈಯಲ್ಲಿ ಹಿಡಿದುಕೊಂಡೇ ಗಾಡಿಖಾನೆಗೆ ಬಂದು, "ಆ ಮೀನು ಮರೀಬೇಡಮ್ಮಾ" ಎಂದರು. ಬಹಳ ದಿನ ಬದುಕಲಿಲ್ಲ.

ಸಂಗ್ರಹಾಲಯಕ್ಕೆ ಹೊಸ ನಿರ್ದೇಶಕರು ಬಂದರು. ವಿದೇಶದಲ್ಲಿ ಓದಿದವರು, ಮಾತು ಬಲು ನಯ. ಅಷ್ಟರಲ್ಲಿ ಪದ್ಧತಿಯೂ ತಲೆಕೆಳಗಾಗಿತ್ತು. ಈಗ ತುಂಬುವಂತಿಲ್ಲ, ಬಳಿಯುವಂತಿಲ್ಲ, ಇದ್ದದ್ದು ಇದ್ದ ಹಾಗೇ ಇರಬೇಕು, ಉಗುಳಂತೂ ಆಡಬಾರದ ಮಾತು. ಕೈಗವಸು ಬಂತು, ಏಸಿ ಬಂತು. ನನಗೆ ಸಂತೋಷವೇ ಆಯಿತು, ಹಳೆಯ ತಪ್ಪನ್ನು ಈಗ ಬಿಚ್ಚಿಬಿಡಬಹುದು ಎಂದುಕೊಂಡೆ.

ನಿರ್ದೇಶಕರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ ಹೇಳಿದರು: "ಮೇಡಂ, ಆ ಮೇಣ ಕೂಡ ಈಗ ಹಲಗೆಯ ಇತಿಹಾಸವೇ. ಅದನ್ನ ತೆಗೆದರೆ ನಾವು ಇತಿಹಾಸವನ್ನ ತೆಗೆದ ಹಾಗೆ."

"ಅದು ಊರಿನ ಇತಿಹಾಸ ಅಲ್ಲ ಸಾರ್. ನಮ್ಮ ತಪ್ಪಿನ ಇತಿಹಾಸ."

"ಅದೂ ಇತಿಹಾಸವೇ ಅಲ್ಲವಾ?"

ಸಮಿತಿಯಾಯಿತು. ಸಮಿತಿಗೆ ಉಪಸಮಿತಿಯಾಯಿತು. ಹೊರಗಿನ ತಜ್ಞರೊಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ಟ್ರಸ್ಟಿಗಳು ಆಗಲಿ ಎಂದರೂ ನಿರ್ದೇಶಕರು ಆಗಲಿ ಎನ್ನಲಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕನ್ನಿಯಮ್ಮ ಪೊಂಗಲ್ ಹತ್ತಿರ ಬಂದಾಗಲೆಲ್ಲ ಬರುತ್ತಿದ್ದಳು. ಗೇಟಿನಲ್ಲಿ ನನ್ನ ಹೆಸರು ಹೇಳುತ್ತಿರಲಿಲ್ಲ, "ಕಣ್ಣು ಮುಚ್ಚಿದವರ ಹತ್ರ ಕೆಲಸ ಇದೆ" ಎನ್ನುತ್ತಿದ್ದಳು. ಕಾಫಿ ಕುಡಿದು, ನನ್ನನ್ನು ಬೈದು, ಬಸ್ಸು ಹಿಡಿದು ಹೋಗುತ್ತಿದ್ದಳು. ನಾನು ಮನೆಗೆ ಬಂದು ಅಳುತ್ತಿದ್ದೆ. "ಆಫೀಸು ವಿಷಯಕ್ಕೆ ಯಾರಾದ್ರೂ ಹೀಗೆ ಅಳ್ತಾರಾ? ಒಂದು ಮೀನಿನ ಕಣ್ಣಿಗೆ!" ಎಂದು ನಮ್ಮ ಮನೆಯವರು ಆಶ್ಚರ್ಯಪಡುತ್ತಿದ್ದರು.

ಒಂದು ವರ್ಷ ಅವಳು ಬರಲಿಲ್ಲ. ನಾರೈಯೇರಿ ಕೆರೆಯ ಅಂಗಳ, ಅಲ್ಲಿ ಮನೆ ಕಟ್ಟಿದ್ದು ಒತ್ತುವರಿ ಎಂದು ನೋಟಿಸು ಬಂದಿತ್ತಂತೆ. ಊರು ಕೆರೆಯಷ್ಟೇ ಹಳೆಯದು ಎಂದು ಹೇಳಲು ಅವರ ಹತ್ತಿರ ಕಾಗದವಿರಲಿಲ್ಲ. ಇದ್ದದ್ದು ಆ ಹಲಗೆ, ಅದು ನಮ್ಮ ಹತ್ತಿರ ಇತ್ತು. ಜೆಸಿಬಿ ಬಂದು ಗೋಡೆಗಳನ್ನು ಕೆಡವಿತು. ಜನರನ್ನು ಮದರಾಸಿನ ತೆಂಕಣ ತುದಿಯ ಎತ್ತರದ ಬ್ಲಾಕುಗಳಿಗೆ ಸಾಗಿಸಿದರು, ಒಂದೊಂದು ಮನೆಯವರನ್ನು ಒಂದೊಂದು ಕಟ್ಟಡಕ್ಕೆ. ಮಾರಿಮುತ್ತು ಅಲ್ಲಿಗೆ ಹೋದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಊರು ಹೋದ ಮೇಲೆ ನಮಗೆ ಅನುಮತಿ ಬಂತು. ಒಂದೇ ಒಂದು ಗುಳಿ, ಪ್ರಯೋಗಾರ್ಥವಾಗಿ. ನಾನು ಕಾಯಿಸಿದ ಸೂಜಿಯಿಂದ ಮೇಣ ಮೆತ್ತಗೆ ಮಾಡಿ, ಸಾಸಿವೆಯಷ್ಟು ಸಾಸಿವೆಯಷ್ಟೇ ಕೆದಕಿ ತೆಗೆದೆ. ಮಸೂರದಲ್ಲಿ ನೋಡಿದರೆ ಗುಳಿಯ ಬಾಯಿಗೆ ಸುತ್ತಲೂ ಹಸಿರು ಬಳೆ. ಕನ್ನಿಯಮ್ಮನ ಮೊಳೆ ಅಲ್ಲಿ ಬದುಕಿದ್ದ ಗುರುತು. ಸಂಬಂಧಂ ಸಾರ್ ಇರಬೇಕಿತ್ತು ಎನ್ನಿಸಿತು. ಇಡೀ ನೌಕರಿಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದು ಎಂದುಕೊಂಡೆ. ಆ ಸಂತೋಷ ಅವಳು ಬರುವವರೆಗೆ ಇತ್ತು.

ವಿಳಾಸ ಹುಡುಕಿಸಿ ಹೇಳಿಕಳಿಸಿದೆ. ಕನ್ನಿಯಮ್ಮ ಮಗಳು ಸೆಲ್ವಿಯ ಭುಜ ಹಿಡಿದುಕೊಂಡು ಬಂದಳು. ಬಹಳ ಇಳಿದುಹೋಗಿದ್ದಳು, ಎಲೆಅಡಿಕೆ ಬಿಟ್ಟಿದ್ದಳು. ಹಲಗೆಯ ಮುಂದೆ ಕುಳ್ಳಿರಿಸಿದೆ. ಕಿರುಬೆರಳಿನ ಉಗುರನ್ನು ಗುಳಿಯಲ್ಲಿಟ್ಟು ನೋಡಿದಳು.

"ಮೊಳೆ ಕೊಡಮ್ಮಾ, ನೀನೇ ಇಡು. ನಾನು ಕೈ ಹಿಡೀತೀನಿ" ಎಂದೆ. ಅದಕ್ಕೆ ಅನುಮತಿ ಇರಲಿಲ್ಲ. ಬಂದದ್ದು ಬರಲಿ ಎಂದು ನಿರ್ಧರಿಸಿದ್ದೆ.

ಅವಳು ತಲೆಯಾಡಿಸಿದಳು. "ಈಗ ಹೊಡೆದರೆ ಅದು ನನ್ನನ್ನ ಎಣಿಸುತ್ತೆ. ನಾನು ಅಲ್ಲೆಲ್ಲಿದ್ದೀನಿ? ನನ್ನ ಒಲೆ ಎಲ್ಲಿದೆ? ಒಲೆ ಇಲ್ಲದ ಕಣ್ಣು ಸುಳ್ಳು ಅಮ್ಮಾ."

ಅವಳು ಹಿತ್ತಾಳೆ ಕಣ್ಣು ಮಿನುಗುತ್ತಿದ್ದ ಉಳಿದ ಮೀನುಗಳನ್ನು ತೋರಿಸಿದಳು. ಹಲಗೆ ನಮ್ಮಲ್ಲಿಗೆ ಬಂದ ದಿನ ಊರಲ್ಲಿ ಒಲೆ ಉರಿಯುತ್ತಿದ್ದ ಮನೆಗಳವು.

"ಇವರೂ ಈಗ ಅಲ್ಲಿಲ್ಲ. ಇವರದ್ದೂ ಕಿತ್ತು ಕೊಟ್ಟುಬಿಡು. ಯಾರಿಗೂ ಅವರ ಮೊಳೆ ಕೈಗೆ ಸಿಗಲಿಲ್ಲ. ಊರು ಬಿಡಿಸುವಾಗ ಮೊಳೆ ಕೊಡದೆ ಯಾರೂ ಯಾರನ್ನೂ ಕಳಿಸಬಾರದು."

"ಅದು ನನ್ನ ಕೈಲಿ ಆಗಲ್ಲಮ್ಮಾ."

"ಮುಚ್ಚೋದು ಆಗುತ್ತೆ, ಕೀಳೋದು ಆಗಲ್ಲ. ಒಳ್ಳೆ ಆಸ್ಪತ್ರೆ ನಿಮ್ಮದು!"

ಅದೇ ಅವಳು ನನ್ನನ್ನು ಕೊನೆಯ ಸಲ ಬೈದದ್ದು. ಸೆರಗಿಗೆ ಮೊಳೆ ಕಟ್ಟಿಕೊಂಡು, ಕಾಫಿ ಬೇಡವೆಂದು ಹೋದಳು. ನಾನು ನಿರ್ದೇಶಕರಿಗೆ ಬರೆದು ಕೇಳಿದೆ. ಮೂಲ ಭಾಗಗಳನ್ನು ಕೀಳುವುದು ವಸ್ತುವಿಗೆ ಮಾಡುವ ಹಾನಿ ಎಂದು ಉತ್ತರ ಬಂತು. ನಿಯಮದ ಪ್ರಕಾರ ಅದು ಸರಿ. ಹೊಸಬರಿಗೆ ಆ ನಿಯಮವನ್ನು ವರ್ಷಗಟ್ಟಲೆ ಪಾಠ ಹೇಳಿದವಳು ನಾನೇ.

ಆಮೇಲೆ ಹಲಗೆಯನ್ನು ಯಂತ್ರದಿಂದ ಅಳೆದು ಕಂಪ್ಯೂಟರಿಗೆ ಏರಿಸಿದರು. ಕೆರೆಯ ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟಿನವರು ತಮ್ಮ ಗೇಟಿಗೆ ಅದರ ಫೈಬರ್ ನಕಲು ಮಾಡಿಸಿಕೊಂಡರು. ಅಂದವಾಗಿರಲಿ ಎಂದು ಎಲ್ಲ ಮೀನಿಗೂ ಕಣ್ಣು ಹಾಕಿಸಿದ್ದಾರೆ, ರಾತ್ರಿ ಹೊಳೆಯುವಂತೆ ಹಿಂದೆ ಬಲ್ಬು ಬೇರೆ ಇದೆಯಂತೆ. ಕೊಕ್ಕರೆ ಈಗ ಯಾರನ್ನು ಎಣಿಸುತ್ತಿದೆಯೋ ಗೊತ್ತಿಲ್ಲ. ಕೆರೆಯಂಗಳ ಒತ್ತುವರಿ ಎಂದವರು ಅತ್ತ ತಲೆ ಹಾಕಿಲ್ಲ.

ನಾನು ನಿವೃತ್ತಳಾದೆ. ಈಚೆಗೆ ಒಂದು ಮಧ್ಯಾಹ್ನ ಸೆಲ್ವಿ ತ್ರಿಪ್ಲಿಕೇನ್‌ನ ನಮ್ಮ ಮನೆ ಹುಡುಕಿಕೊಂಡು ಬಂದಳು. ನುಂಗಂಬಾಕ್ಕಂನ ಯಾವುದೋ ಆಫೀಸಿನಲ್ಲಿ ಕಸಗುಡಿಸುವ ಕೆಲಸವಂತೆ, ಅದೇ ನೀಲಿ ಸಮವಸ್ತ್ರದಲ್ಲಿ ಬಂದಿದ್ದಳು. ಕನ್ನಿಯಮ್ಮ ಹೋಗಿಬಿಟ್ಟಿದ್ದಳು. ಕೊನೆಗೆ ಲಿಫ್ಟು ಕೆಟ್ಟು, ಆ ಎತ್ತರದಿಂದ ಇಳಿಸುವುದೇ ಕಷ್ಟವಾಯಿತೆಂದು ಸೆಲ್ವಿ ಹೇಳಿದಳು. ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ಅಮ್ಮ ಒಂದೇ ಮಾತು ಹೇಳಿದ್ದು ಮೇಡಂ. ಆ ಗುಳಿ ಮುಚ್ಚಿಸಿಬಿಡು ಅಂತ."

"ಮುಚ್ಚೋದು ಯಾರೂ ಉಳೀದೇ ಇದ್ದಾಗ ಅಲ್ವೇನೇ? ನೀನಿದ್ದೀಯಲ್ಲ!"

"ನಾನೂ ಅದೇ ಹೇಳ್ದೆ, ನಾನಿದ್ದೀನಲ್ಲಮ್ಮಾ ಅಂತ. ನೀನು ಬ್ಲಾಕಿನವಳು, ಊರವಳಲ್ಲ ಅಂದ್ಲು. ತೆರೆದಿಟ್ಟರೆ ಯಾರೋ ಬರ್ತಾರೆ ಅಂತ ಅದು ಕಾಯ್ತಾನೇ ಇರುತ್ತೆ, ಪಾಪ, ಮುಚ್ಚಿಬಿಡಿ ಅಂದ್ಲು." ಸೆಲ್ವಿ ಕಣ್ಣೊರೆಸಿಕೊಂಡಳು. "ಮೊಳೆ ಕೆರೆಗೆ ಹಾಕೋಕೆ ಹೋಗಿದ್ದೆ. ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ."

ಮರುದಿನ ನಾನು ಒಂದು ಡಬ್ಬಿಯಲ್ಲಿ ಮೇಣ, ಒಂದು ಸೂಜಿ, ಆ ಮೊಳೆ ಇಟ್ಟುಕೊಂಡು, ಟಿಕೆಟ್ ತೆಗೆದುಕೊಂಡು ಸಂಗ್ರಹಾಲಯಕ್ಕೆ ಹೋದೆ. ಹೊಸ ಗೇಟಿನ ಯಂತ್ರ ಕೂಗಿತು. ಹೊಸ ಕಾವಲುಗಾರ, ನನ್ನನ್ನು ಅರಿಯದವನು. "ಚೂಪಾದ ಸಾಮಾನು ಒಳಗೆ ಕೂಡಾದು ಪಾಟಿ" ಎಂದ. ಅಜ್ಜಿ ಎಂದು ಕರೆಸಿಕೊಂಡು, ಎಲ್ಲವನ್ನೂ ತಟ್ಟೆಯಲ್ಲಿ ಬಿಟ್ಟು ಒಳಗೆ ಹೋದೆ. ಹಲಗೆಗೆ ಈಗ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಒಂದು ಶಾಲೆಯ ಮಕ್ಕಳು ಸಾಲಾಗಿ ನಿಂತು ಮೀನು ಎಂದರೆ ಸಮೃದ್ಧಿ ಎಂದು ಬರೆದುಕೊಳ್ಳುತ್ತಿದ್ದರು. ಅವರ ತಲೆಗಳ ಮೇಲಿಂದ ಎತ್ತಿದ ಕಾಲಿನ ಕೆಳಗಿನ ಆ ಗುಳಿ ನನಗೆ ಕಾಣಿಸಿತು. ನಾನೇ ತೆರೆದದ್ದು, ಅಷ್ಟು ಅಂದವಾಗಿ. ನಿಲ್ಲಲಾಗದೆ ಹೊರಗೆ ಬಂದೆ.

ಮೊಳೆ ಈಗ ನನ್ನ ಒಗ್ಗರಣೆ ಡಬ್ಬಿಯಲ್ಲಿ, ಮೆಂತ್ಯದ ಬಟ್ಟಲಲ್ಲಿದೆ. ಎಲ್ಲಿಡಬೇಕೆಂದು ತಿಳಿಯದೆ ಒಲೆಯ ಹತ್ತಿರ ಇಟ್ಟೆ. ಆದರೆ ಇದು ಅವಳ ಒಲೆಯಲ್ಲ, ಅದು ನನಗೆ ಗೊತ್ತು.

ಸ್ನೇಹಾ, ತುಂಬಲೇ ಬಿಡಲೇ ಎಂದು ನೀನು ಕೇಳಿದೆ. ನಿನ್ನ ಬಾಗಿಲನ್ನು ಮುಟ್ಟಬೇಡ. ಯಾರ ಮನೆಯದು, ಆ ತೂತು ಯಾರದು ಎಂದು ಹೋಗಿ ಕೇಳಿಕೊಂಡು ಬಾ. ಕೇಳಲು ಜನ ಇರುವಾಗಲೇ ಕೇಳು. ಹಲಗೆಯ ಮಾತು ಬೇರೆ. ಧೂಳು ಒರೆಸಲು ಅದರ ಗಾಜು ತೆಗೆಯುವ ದಿನ ನಿನಗೇ ಆ ಕೆಲಸ ಬೀಳುತ್ತದೆ. ಕೊಕ್ಕರೆ ಎತ್ತಿದ ಕಾಲಿನ ಕೆಳಗಿನ ಮೀನು. ಬಿಸಿ ಮಾಡಿ ಮೆತ್ತಗಾದ ಮೇಣ, ಅಕ್ಕಿಕಾಳಿನಷ್ಟು. ನಾನು ಕೇಳುತ್ತಿರುವುದು ನಿಯಮಕ್ಕೆ ವಿರುದ್ಧ, ನೀನು ಮಾಡಲಾರೆ ಎಂದರೂ ನಿನ್ನ ಮೇಲೆ ಕೋಪವಿಲ್ಲ. ಮಾಡಿದರೆ ಅವಳ ಹೆಸರು ಕನ್ನಿಯಮ್ಮ ಎಂದು ಒಮ್ಮೆ ಅಂದುಕೋ. ಅದನ್ನು ತೆರೆಯಲು ನನಗೆ ನನ್ನ ನೌಕರಿಯ ಅರ್ಧ ಆಯುಸ್ಸು ಹಿಡಿಯಿತು. ಮುಚ್ಚಲು ನಿನಗೆ ಒಂದು ನಿಮಿಷ ಸಾಕು.